ಅರುವತ್ತರಲ್ಲಿ ಅಕ್ಷರಾಭ್ಯಾಸ

ವಿದ್ಯಾರಂಭಕ್ಕೆ ಐದನೆಯ ವರ್ಷವೇ ತಕ್ಕ ಕಾಲವೆಂದು ನಮ್ಮ ಹಿರಿಯರು ಗೊತ್ತುಮಾಡಿದ್ದಾರೆ. ನಮಗೆ ಆ ಸಂಸ್ಕಾರವು ಎರಡು ಬಾರಿ ನಡೆಯಿತು. ಮೊದಲನೆಯದು ಐದರಲ್ಲಿ, ಅಕ್ಕಿಯ ತಟ್ಟೆಯ ಮೇಲೆ, ತಾತನವರ ಬೆರಳ ಹಿಡಿತದಲ್ಲಿ. ಎರಡನೆಯದು ಅರುವತ್ತರಲ್ಲಿ, ಸ್ಪೇನ್ ದೇಶದ ಸಲಮಾಂಕಾ ಎಂಬ ನಗರದಲ್ಲಿ, ನಮ್ಮ ಮಗಳಿಗಿಂತ ಚಿಕ್ಕವರಾದ ಒಬ್ಬ ಅಧ್ಯಾಪಕಿಯವರ ಎದುರಿನಲ್ಲಿ. ಈ ಎರಡನೆಯದರ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ಪ್ಯಾನಿಷ್ ಭಾಷೆಯಲ್ಲಿ ನಮಗೆ ಆಸಕ್ತಿ ಹುಟ್ಟಿದುದು ವ್ಯಾಪಾರಕ್ಕಾಗಿಯೂ ಅಲ್ಲ, ಉದ್ಯೋಗಕ್ಕಾಗಿಯೂ ಅಲ್ಲ. ಮೂವತ್ತನಾಲ್ಕು ವರ್ಷ ನಾವು ಪ್ರೌಢಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಬೋಧಿಸಿದೆವು. ಸಂಸ್ಕೃತದ ಸಂಖ್ಯೆಗಳನ್ನು ಹೇಳಿಕೊಡುವಾಗ ದ್ವಿ, ತ್ರಿ, ಸಪ್ತ, ಅಷ್ಟ, ನವ, ದಶ ಎಂಬುವುಗಳ ಪಕ್ಕದಲ್ಲಿ ದೋಸ್, ತ್ರೆಸ್, ಸಿಯೆತೆ, ಓಚೊ, ನುಯೆವೆ, ದಿಯೆಥ್ ಎಂದು ಕರಿಹಲಗೆಯ ಮೇಲೆ ಬರೆದು, ಭಾಷೆಗಳ ಜ್ಞಾತಿತ್ವವನ್ನು ಮಕ್ಕಳಿಗೆ ತೋರಿಸುವ ವಾಡಿಕೆ ನಮಗಿತ್ತು. ಹಾಗೆ ಬರೆದ ಆರು ಶಬ್ದಗಳ ಹೊರತು ಏಳನೆಯದು ನಮಗೆ ಗೊತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಇರುವಾಗ ಒಂದು ವ್ಯಾಕರಣಪುಸ್ತಕವನ್ನು ತರಿಸಿಕೊಂಡು ರಾತ್ರಿಯ ವೇಳೆ ಓದತೊಡಗಿದೆವು. ಇಪ್ಪತ್ತು ಸ್ವತಂತ್ರ ರಾಷ್ಟ್ರಗಳ ರಾಜಭಾಷೆ ಅದು. ಅದನ್ನು ತಾಯ್ನುಡಿಯಾಗಿ ಆಡುವವರು ಐವತ್ತು ಕೋಟಿಗೆ ಸಮೀಪದವರಿದ್ದಾರೆ. ಇಷ್ಟು ಜನ ಆಡುವ ಮಾತನ್ನು ಪುಸ್ತಕದಲ್ಲಿಯೇ ಮುಗಿಸಿಬಿಡುವುದು ನ್ಯಾಯವಲ್ಲವೆಂದು ತೋರಿ, ನಿವೃತ್ತರಾದೊಡನೆ ಹೊರಟುನಿಂತೆವು. ಮನೆಯವರು ಮಂಡಿನೋವಿನ ಕಾರಣ ಬರಲಾರೆನೆಂದರು. “ಅಷ್ಟು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದಿರಿ, ಈಗ ನೀವೂ ಸ್ವಲ್ಪ ಕೂತು ಬನ್ನಿ” ಎಂದು ನಕ್ಕು ಬೀಳ್ಕೊಟ್ಟರು. ಆ ಮಾತಿನ ಆಳ ಆಗ ನಮಗೆ ತಿಳಿಯಲಿಲ್ಲ.

ಇಂಥ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡಿರುವವರಿಗೆ ಒಂದೆರಡು ಲೌಕಿಕ ಸಂಗತಿಗಳನ್ನು ಹೇಳಬೇಕು. ಸ್ಪೇನ್ ಸೇರಿದಂತೆ ಯೂರೋಪಿನ ಅನೇಕ ದೇಶಗಳಿಗೆ ಸಾಮಾನ್ಯವಾದ ಷೆಂಗೆನ್ ವೀಸಾದ ಮೇಲೆ, ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಅಲ್ಲಿರಬಹುದು. ಕಡಮೆಯೆಂದರೆ 30,000 ಯೂರೋಗಳ ವೈದ್ಯಕೀಯ ವಿಮೆಯನ್ನು ಮೊದಲೇ ಮಾಡಿಸಿಕೊಂಡಿರಬೇಕು. ಭಾಷೆ ಕಲಿಯಲು ಬಂದವರನ್ನು ಊಟವಸತಿಗಳೊಡನೆ ಮನೆಯಲ್ಲಿರಿಸಿಕೊಳ್ಳುವ ಗೃಹಸ್ಥರು ಸಲಮಾಂಕಾದಲ್ಲಿ ಬಹುಕಾಲದಿಂದ ಇದ್ದಾರೆ. ಹೋಟೆಲಿನ ವಾಸಕ್ಕಿಂತ ಈ ಏರ್ಪಾಡು ಎಲ್ಲ ವಿಧದಲ್ಲಿಯೂ ಮೇಲು; ಏಕೆಂದರೆ ಹೋಟೆಲಿನಲ್ಲಿ ಹಣ ಮಾತನಾಡುತ್ತದೆ, ಮನೆಯಲ್ಲಿ ನಾವೇ ಮಾತನಾಡಬೇಕಾಗುತ್ತದೆ.

2023ನೆಯ ಇಸವಿಯ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಿಂದ ಹೊರಟು, ನಡುವೆ ಒಂದು ಕಡೆ ವಿಮಾನವನ್ನು ಬದಲಿಸಿ ಮದ್ರೀದನ್ನು ಸೇರಿದೆವು. ಅಲ್ಲಿಂದ ಸಲಮಾಂಕಾಕ್ಕೆ ಸುಮಾರು 210 ಕಿಲೋಮೀಟರು. ಬೇಗ ಹೋಗುವ ರೈಲುಗಳುಂಟು. ಆದರೆ ದೇಶವನ್ನು ನೋಡಬೇಕೆಂಬ ಆಸೆಯಿಂದ ಆವಿಲಾ ಮಾರ್ಗದ ನಿಧಾನದ ಗಾಡಿಯನ್ನು ಹಿಡಿದೆವು. ಸಂತ ತೆರೇಸಾ ಹುಟ್ಟಿದ ಆವಿಲಾ ಪಟ್ಟಣವನ್ನು ಪ್ರಾಚೀನವಾದ ಕೋಟೆಯೊಂದು ಸುತ್ತುವರಿದಿದೆ. ಅದನ್ನು ದಾಟಿದ ಮೇಲೆ ಕಣ್ಣು ಹರಿದಷ್ಟು ದೂರವೂ ಕೊಯಿಲಾದ ಗೋಧಿಯ ಹೊಲ, ಅಲ್ಲಲ್ಲಿ ಓಕ್ ಮರಗಳು, ಅವುಗಳ ನೆರಳಿನಲ್ಲಿ ದನಗಳು. ಬೇಸಗೆಯ ಕೊನೆಯಲ್ಲಿ ನಮ್ಮ ಚಿತ್ರದುರ್ಗದ ಕಡೆಯ ಬಯಲನ್ನು ನೋಡಿದವರಿಗೆ ಆ ಹೊಂಬಣ್ಣವು ಅಪರಿಚಿತವಾಗಿ ತೋರದು.

ಸಲಮಾಂಕಾ ನಗರವು ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿ, ತೋರ್ಮೆಸ್ ನದಿಯ ಬಲದಂಡೆಯ ಮೇಲಿದೆ. ಸಮೀಪದ ವಿಯಾಮಯೋರ್ ಎಂಬ ಗ್ರಾಮದ ಗಣಿಗಳಿಂದ ತೆಗೆದ ಮರಳುಗಲ್ಲಿನಿಂದಲೇ ಊರಿನ ಹಳೆಯ ಕಟ್ಟಡಗಳೆಲ್ಲ ಆಗಿವೆ. ಈ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು ಕೆತ್ತನೆಗೆ ಒದಗುತ್ತದೆ. ಅನಂತರ ಗಾಳಿಬಿಸಿಲುಗಳಿಗೆ ಗಟ್ಟಿಯಾಗಿ, ಅದರೊಳಗಿನ ಕಬ್ಬಿಣದ ಅಂಶದಿಂದ ಹೊನ್ನಿನ ಬಣ್ಣವನ್ನು ತಾಳುತ್ತದೆ. ಸಂಜೆಯ ಬಿಸಿಲು ಬಿದ್ದಾಗ ಊರಿಗೆ ಊರೇ ಅರಸಿನದ ನೀರಿನಲ್ಲಿ ಮಿಂದಂತೆ ಕಾಣುವುದು. ಗೋಪುರಗಳ ತುದಿಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿಕೊಂಡಿವೆ. ನದಿಗೆ ಅಡ್ಡಲಾಗಿ 26 ಕಮಾನುಗಳ ಒಂದು ಸೇತುವೆಯುಂಟು. ಅದರಲ್ಲಿ ನಗರದ ಕಡೆಯ 15 ಕಮಾನುಗಳು ರೋಮನರ ಕಾಲದವು. ಆ ಸೇತುವೆಯ ಬಳಿ ತಲೆಯಿಲ್ಲದ ಒಂದು ಪುರಾತನ ಕಲ್ಲಿನ ಗೂಳಿ ನಿಂತಿದೆ. ಕರ್ತೃವಿನ ಹೆಸರಿಲ್ಲದೆ ಪ್ರಕಟವಾದ ‘ಲಾಥರಿಯೋ ದೆ ತೋರ್ಮೆಸ್’ ಎಂಬ ಕಥೆಯಲ್ಲಿ (ಇದರ ನಮಗೆ ದೊರೆತ ಅತಿ ಹಳೆಯ ಮುದ್ರಣಗಳು 1554ರವು) ಒಬ್ಬ ಕುರುಡ ಯಜಮಾನನು ತನ್ನ ಹೊಸ ಹುಡುಗನಿಗೆ, ಈ ಗೂಳಿಗೆ ಕಿವಿಯಿಟ್ಟರೆ ಒಳಗೆ ಸದ್ದು ಕೇಳುವುದೆಂದು ಹೇಳಿ, ಅವನು ಬಾಗಿದಾಗ ತಲೆಯನ್ನು ಕಲ್ಲಿಗೆ ಅಪ್ಪಳಿಸುತ್ತಾನೆ. ಅದು ಗುರು ಶಿಷ್ಯನಿಗೆ ಕೊಟ್ಟ ಮೊದಲ ಪಾಠ. ನಾವು ಅದನ್ನು ಓದಿ ನಕ್ಕೆವು. ನಗು ಬಹಳ ದಿನ ಉಳಿಯಲಿಲ್ಲ.

ಇಲ್ಲಿಯ ವಿಶ್ವವಿದ್ಯಾಲಯವು 1218ರಲ್ಲಿ ಸ್ಥಾಪಿತವಾಯಿತು. 2018ರಲ್ಲಿ ಅದಕ್ಕೆ ಎಂಟುನೂರು ವರ್ಷ ತುಂಬಿತು. ಅದರ ಮಹಾದ್ವಾರದ ಮೇಲಣ ಕೆತ್ತನೆಯ ಕಾಡಿನಲ್ಲಿ, ಒಂದು ತಲೆಬುರುಡೆಯ ಮೇಲೆ ಕುಳಿತ ಪುಟ್ಟ ಕಪ್ಪೆಯೊಂದಿದೆ. ಯಾರ ಸಹಾಯವೂ ಇಲ್ಲದೆ ಅದನ್ನು ಕಂಡುಹಿಡಿದ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತೇರ್ಗಡೆಯಾಗುವನೆಂದು ಪ್ರತೀತಿ. ನಾವು ಮೂರು ದಿನ ಕತ್ತು ನೋಯಿಸಿಕೊಂಡೆವು. ನಾಲ್ಕನೆಯ ದಿನ ಒಬ್ಬ ಚಿಕ್ಕ ಹುಡುಗಿ ಕೇಳದೆಯೇ ಬೆರಳುಮಾಡಿ ತೋರಿಸಿಬಿಟ್ಟಳು. ಒಳಗೆ ಲೂಯಿಸ್ ದೆ ಲೆಯೋನ್ ಎಂಬ ಸನ್ಯಾಸಿ ಕವಿಯ ಪಾಠಶಾಲೆಯನ್ನು ಒರಟು ಮರದ ಬೆಂಚುಗಳೊಡನೆ ಕಾಪಾಡಿಟ್ಟಿದ್ದಾರೆ. ಬೈಬಲ್ಲಿನ ಒಂದು ಭಾಗವನ್ನು ದೇಶಭಾಷೆಗೆ ತಂದುದೇ ಮೊದಲಾದ ಆಪಾದನೆಗಳ ಮೇಲೆ ಧರ್ಮನ್ಯಾಯಸ್ಥಾನವು ಅವನನ್ನು 1572ರಿಂದ 1576ರ ವರೆಗೆ ಸೆರೆಯಲ್ಲಿಟ್ಟಿತ್ತು. ಬಿಡುಗಡೆಯಾಗಿ ಬಂದವನು ನಿನ್ನೆ ನಿಲ್ಲಿಸಿದ ಪಾಠವನ್ನು ಇಂದು ಮುಂದುವರಿಸುವವನಂತೆ ಆರಂಭಿಸಿದನೆಂದು ಐತಿಹ್ಯ. ಇದೇ ಊರಿನಲ್ಲಿಯೇ 1492ರ ಆಗಸ್ಟ್ ತಿಂಗಳಲ್ಲಿ, ಕೊಲಂಬಸನು ಹಡಗು ಬಿಟ್ಟ ಕೆಲವೇ ದಿನಗಳ ತರುವಾಯ, ಆಂತೋನಿಯೊ ದೆ ನೆಬ್ರಿಖಾ ಎಂಬ ಪಂಡಿತನ ಕಾಸ್ತಿಲಿಯ ಭಾಷೆಯ ವ್ಯಾಕರಣವು ಮುದ್ರಣವಾಯಿತು. ಯೂರೋಪಿನ ದೇಶಭಾಷೆಗಳ ವ್ಯಾಕರಣಗಳಲ್ಲಿ ಅಚ್ಚಾದುವುಗಳ ಪೈಕಿ ಅದೇ ಮೊದಲಿನದೆಂದು ಹೇಳುತ್ತಾರೆ. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನನ್ನು ನೆನೆದು ನಮಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ.

ನಾವು ಇಳಿದುಕೊಂಡುದು ಎಪ್ಪತ್ತೈದು ದಾಟಿದ ಒಬ್ಬ ವಿಧವೆಯ ಮನೆಯಲ್ಲಿ. ಮೂರನೆಯ ಅಂತಸ್ತಿನ ಚಿಕ್ಕ ಮನೆ. ನಮ್ಮ ಕೊಠಡಿಯ ಕಿಟಕಿಯಿಂದ ಪ್ರಧಾನ ದೇವಾಲಯದ ಗೋಪುರ ಕಾಣುತ್ತಿತ್ತು. ಆ ದೇಶದಲ್ಲಿ ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಒಂಬತ್ತೂವರೆಗೆ. ಶಾಕಾಹಾರಿಗಳಾದ ನಮಗೆ ಮೊದಲ ವಾರ ಕಷ್ಟವಾಯಿತು. ಒಂದು ಉಪಾಹಾರಗೃಹದಲ್ಲಿ “ಮಾಂಸ ಬೇಡ” ಎಂದು ಹೇಳಿದ ಮೇಲೆಯೂ ತಟ್ಟೆಯಲ್ಲಿ ಹಂದಿಯ ತೊಡೆಯ ತುಣುಕುಗಳು ಬಂದುವು. ಅದು ಮಾಂಸವಲ್ಲ, ಖಮೋನ್ ಎಂದು ಬಡಿಸುವವನು ನಮಗೇ ಸಮಾಧಾನ ಹೇಳಿದನು. ಆದರೆ ಸಲಮಾಂಕಾದ ಉತ್ತರಕ್ಕೆ ಆರ್ಮೂನ್ಯಾ ಎಂಬ ಸೀಮೆಯುಂಟು. ಅಲ್ಲಿಯ ಬೇಳೆ, ಅಂದರೆ ನಮ್ಮ ಚನ್ನಂಗಿಯ ಬಂಧು, ಸ್ಪೇನಿನಲ್ಲೆಲ್ಲ ಪ್ರಸಿದ್ಧವಾದುದು. ಮನೆಯೊಡತಿಯವರು ಅದನ್ನು ನಮಗೋಸ್ಕರ ಮಾಂಸವಿಲ್ಲದೆ, ಬೆಳ್ಳುಳ್ಳಿ, ಗಜ್ಜರಿ, ಕೆಂಪುಮೆಣಸಿನ ಪುಡಿ ಹಾಕಿ ಬೇಯಿಸಿದರು. ಮೊದಲ ದಿನ “ಪಾಪ, ಬಡ ಬೇಳೆ!” ಎಂದು ಮರುಗಿದವರು ಎರಡನೆಯ ವಾರಕ್ಕೆ ತಾವೂ ಅದನ್ನೇ ಊಟಮಾಡತೊಡಗಿದರು.

ಭಾಷಾಶಾಲೆಯಲ್ಲಿ ಮೊದಲ ದಿನ ಪರೀಕ್ಷೆ. ಬರಹದ ಪರೀಕ್ಷೆಯಲ್ಲಿ ನಮಗೆ ಬಿ-1 ಎಂಬ ಮಧ್ಯಮ ದರ್ಜೆ ದೊರೆಯಿತು. ಕ್ರಿಯಾಪದದ ಲಕಾರಗಳನ್ನು ನೋಡಿ ಅಂಜುವ ಜಾತಿ ನಮ್ಮದಲ್ಲ. ಬಳಿಕ ಮಾತಿನ ಪರೀಕ್ಷೆ. “ನಿನ್ನೆ ಏನು ಮಾಡಿದಿ?” ಎಂದು ಅಧ್ಯಾಪಕಿಯವರು ಕೇಳಿದರು. ಉತ್ತರದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಲಿಂಗವಚನಗಳನ್ನು ಸರಿನೋಡಿ, ಬಾಯಿ ತೆರೆಯುವಷ್ಟರಲ್ಲಿ ಅವರು ಮೂರನೆಯ ಪ್ರಶ್ನೆಯಲ್ಲಿದ್ದರು. ಮಾತಿನಲ್ಲಿ ನಮಗೆ ಎ-1, ಎಂದರೆ ತೀರ ಕೆಳಗಿನ ದರ್ಜೆ. ಹತ್ತೊಂಬತ್ತು ವರ್ಷದ ಕೊರಿಯಾದ ಹುಡುಗಿ, ಒಬ್ಬ ಜರ್ಮನ್ ಬಡಗಿ, ಇಬ್ಬರು ಬ್ರೆಜಿಲಿನ ತರುಣರು, ಇವರ ನಡುವೆ ನಾವು ಹಿಂದಿನ ಬೆಂಚಿನಲ್ಲಿ ಕುಳಿತೆವು. ಎಲ್ಲರನ್ನೂ ಏಕವಚನದಲ್ಲಿ ಕರೆಯುವುದು ಅಲ್ಲಿಯ ತರಗತಿಗಳ ವಾಡಿಕೆ. ಮೂವತ್ತನಾಲ್ಕು ವರ್ಷ “ಸಾರ್” ಎನ್ನಿಸಿಕೊಂಡ ಕಿವಿಗೆ ಆ “ನೀನು” ಎಂಬುದು ಮೊದಲು ಮುಳ್ಳಿನಂತೆ ಚುಚ್ಚಿತು. ಮೊದಲ ಪ್ರಬಂಧದಲ್ಲಿ ಲೇಖಕರ ಹಳೆಯ ರೂಢಿಯಂತೆ “ನಾವು ಸಲಮಾಂಕಾಕ್ಕೆ ಬಂದೆವು” ಎಂದು ಬರೆದಿದ್ದೆವು. “ಜತೆಯಲ್ಲಿ ಯಾರು ಬಂದಿದ್ದಾರೆ?” ಎಂದು ಅಧ್ಯಾಪಕಿಯವರು ಅಂಚಿನಲ್ಲಿ ಕೆಂಪು ಶಾಯಿಯಿಂದ ಕೇಳಿದ್ದರು.

ಎರಡನೆಯ ವಾರದಲ್ಲಿ ಒಂದು ದಿನ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಲು ಹೇಳಿದರು. ಇಂದು ಒಲೆಯಲ್ಲಿ ಹಿಟ್ಟು ಇದೆ ಎಂಬರ್ಥದ, ಉಚ್ಚಾರಣೆಗೆಂದೇ ಮಾಡಿದ ವಾಕ್ಯ. ಅದನ್ನು “ಓಯ್ ಆಯ್ ಅರೀನಾ ಎನ್ ಎಲ್ ಓರ್ನೊ” ಎಂದು ಓದಬೇಕು. ಈ ಶಬ್ದಗಳ ಮೊದಲಲ್ಲಿ ಹಕಾರದ ಅಕ್ಷರವು ಬರಹದಲ್ಲಿದೆ, ಉಚ್ಚಾರದಲ್ಲಿ ಇಲ್ಲ. ಪುಸ್ತಕದಲ್ಲಿ ಓದಿ ನಮಗೆ ಅದು ತಿಳಿದಿತ್ತು. ಆದರೆ ನಾಲಗೆ ಕೇಳಲಿಲ್ಲ. ಹಕಾರವನ್ನು ಕಂಡರೆ ಎದೆಯಿಂದ ಉಸಿರನ್ನು ತಂದು ಸ್ಪಷ್ಟವಾಗಿ ನುಡಿಯಬೇಕೆಂದು ಬಾಲ್ಯದಲ್ಲಿ ಕಲಿತವರು ನಾವು. ಅದನ್ನೇ ಇತರರಿಗೆ ಕಲಿಸಿದವರು. “ಹೋಯ್ ಹಾಯ್ ಹರೀನಾ ಎನ್ ಎಲ್ ಹೋರ್ನೊ” ಎಂದು ಮಂತ್ರದಂತೆ ಉಚ್ಚರಿಸಿದೆವು. ಇಡೀ ತರಗತಿ ನಕ್ಕಿತು. ಅದರಲ್ಲಿ ಕೇಡಿನ ಭಾವವೇನೂ ಇರಲಿಲ್ಲ. ಆ ಕೊರಿಯಾದ ಹುಡುಗಿ ಬಾಯಿಗೆ ಕೈ ಅಡ್ಡವಿಟ್ಟುಕೊಂಡೇ ನಕ್ಕಳು. ಆದರೂ ನಮ್ಮ ಕಿವಿ ಬಿಸಿಯಾಯಿತು. ಅಂದಿನಿಂದ ಎಂಟು ದಿನ ನಾವು ತರಗತಿಯಲ್ಲಿ ತಾನಾಗಿ ಒಂದು ಮಾತನ್ನೂ ಆಡಲಿಲ್ಲ. ಮನೆಯಲ್ಲಿಯೂ “ಹೌದು”, “ಇಲ್ಲ”, “ವಂದನೆ” ಎಂಬ ಮೂರು ಶಬ್ದಗಳಲ್ಲಿಯೇ ದಿನ ಕಳೆಯಿತು. ಪರಸ್ಥಳದಲ್ಲಿ ಮಾತಿಲ್ಲದಿರುವುದು ಎಂಥ ಒಂಟಿತನವೆಂದು ಆ ಎಂಟು ದಿನಗಳಲ್ಲಿ ತಿಳಿಯಿತು. ಬುದ್ಧಿ, ವಿದ್ಯೆ, ವಯಸ್ಸು, ಹಾಸ್ಯ ಎಲ್ಲವೂ ಒಳಗೆ ಇವೆ. ಹೊರಗೆ ಬರಲು ಬಾಗಿಲು ಮಾತ್ರ ಇಲ್ಲ. ನೋಡುವವರಿಗೆ ನಾವು ಒಬ್ಬ ಮಂದ ಮುದುಕರು.

ಒಂಬತ್ತನೆಯ ದಿನ ಅಧ್ಯಾಪಕಿಯವರು ಈ ಮೂಕ ಹಕಾರದ ಚರಿತ್ರೆಯನ್ನು ಹಲಗೆಯ ಮೇಲೆ ಬರೆದರು. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನಾ’. ಹಳೆಯ ಕಾಸ್ತಿಲಿಯ ಭಾಷೆಯಲ್ಲಿ ‘ಹರೀನಾ’. ಇಂದಿನ ಮಾತಿನಲ್ಲಿ ‘ಅರೀನಾ’. ಹೊಗೆಗೆ ಲ್ಯಾಟಿನ್ನಿನಲ್ಲಿ ‘ಫೂಮುಸ್’, ಅದು ನಮ್ಮ ‘ಧೂಮ’ದ ಸೋದರ, ಅದೇ ‘ಹೂಮೊ’ ಆಗಿ ಈಗ ‘ಊಮೊ’ ಆಗಿದೆ. ಮಾತನಾಡು ಎಂಬರ್ಥದ ‘ಫಾಬುಲಾರಿ’ಯಿಂದ ‘ಹಬ್ಲಾರ್’, ಅದರಿಂದ ‘ಅಬ್ಲಾರ್’. ನೆಬ್ರಿಖಾ ಪಂಡಿತನ ಕಾಲದಲ್ಲಿ ಈ ಹಕಾರ ಇನ್ನೂ ಬಾಯಲ್ಲಿತ್ತು. ಉತ್ತರದ ಕಾಸ್ತಿಲಿಯ ಸಾಮಾನ್ಯ ಜನ ಅದನ್ನು ಬಿಟ್ಟುಬಿಟ್ಟಿದ್ದರು. ಮುಂದಿನ ನೂರು ವರ್ಷಗಳಲ್ಲಿ ಆ ಜನರ ರೂಢಿಯೇ ರಾಜಧಾನಿಗೂ ಪಂಡಿತರಿಗೂ ಹಬ್ಬಿತು. ಇಂದು ಅದೇ ಶಿಷ್ಟವಾದ ಉಚ್ಚಾರ. ಹಕಾರವನ್ನು ನುಡಿದವನೇ ನಗೆಗೀಡು.

ಇದನ್ನು ಬರೆದುಕೊಳ್ಳುತ್ತಿದ್ದಂತೆ ನಮ್ಮ ಪುಸ್ತಕದ ಅಂಚಿನಲ್ಲಿ ಕನ್ನಡದ ಸಾದೃಶ್ಯವನ್ನು ಗುರುತುಮಾಡಿದೆವು. ಹಳಗನ್ನಡದಲ್ಲಿ ‘ಪಾಲು’, ನಡುಗನ್ನಡದಿಂದೀಚೆಗೆ ‘ಹಾಲು’. ‘ಪೋಗು’, ‘ಹೋಗು’. ‘ಪೆಸರು’, ‘ಹೆಸರು’. ಅಲ್ಲಿಗೆ ನಿಲ್ಲಬೇಕಾಗಿದ್ದ ಲೇಖನಿ ನಿಲ್ಲಲಿಲ್ಲ. ಮೂರನೆಯ ಮೆಟ್ಟಿಲನ್ನೂ ಬರೆಯಿತು: ‘ಆಲು’, ‘ಓಗು’, ‘ಎಸರು’.

ಆಗ ಒಬ್ಬ ಹುಡುಗನ ಮುಖ ನೆನಪಿಗೆ ಬಂದಿತು. ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಹಳ್ಳಿಯಿಂದ ನಡೆದು ಬರುತ್ತಿದ್ದ, ಚುರುಕಾದ ಕಣ್ಣಿನ ಹುಡುಗ. ಯಾವ ಪ್ರಶ್ನೆ ಕೇಳಿದರೂ ಮೊದಲು ಕೈ ಎತ್ತುವವನು. ಅವನ ಸೀಮೆಯ ಜನರೆಲ್ಲರಂತೆ ಹಕಾರವು ಅವನ ನಾಲಗೆಗೆ ಬರುತ್ತಿರಲಿಲ್ಲ. ಒಂದು ದಿನ ಪಾಠ ಓದುವಾಗ “ಆಲು” ಎಂದನು. “ಹಾಲು” ಎಂದು ತಿದ್ದಿದೆವು. ಮತ್ತೆ “ಆಲು” ಎಂದನು. ಹಲಗೆಯ ಬಳಿ ನಿಲ್ಲಿಸಿ ಹತ್ತು ಬಾರಿ ಹೇಳಿಸಿದೆವು. ಪ್ರತಿ ಬಾರಿಯೂ ತರಗತಿ ನಕ್ಕಿತು. ಕೊನೆಗೆ ನಾವೂ ನಕ್ಕೆವು. ಅನಂತರ ಅವನು ಕೈ ಎತ್ತಿದ್ದನ್ನು ನಾವು ಕಾಣಲಿಲ್ಲ. ಮರುವರ್ಷ ಶಾಲೆಯನ್ನು ಬಿಟ್ಟನು. ಬಿಡಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಅವನು ಮೌನವಾದುದಕ್ಕೆ ಕಾರಣ ಬೇರೆ ಇರಲಿಲ್ಲ. ಶುದ್ಧಿಯನ್ನು ಕಾಪಾಡುತ್ತಿದ್ದೇವೆಂಬ ತೃಪ್ತಿಯಲ್ಲಿ ಆ ಸಂಗತಿಯನ್ನು ನಾವು ಮರೆತೇಬಿಟ್ಟಿದ್ದೆವು. ಅವನ ನಾಲಗೆ ಮಾಡಿದುದು ಕಾಸ್ತಿಲಿಯ ಜನ ಮಾಡಿದುದನ್ನೇ. ಅವರ ಬಿಟ್ಟ ಹಕಾರಕ್ಕೆ ವ್ಯಾಕರಣ ಒಪ್ಪಿಗೆ ಕೊಟ್ಟಿತು. ಇವನ ಬಿಟ್ಟ ಹಕಾರಕ್ಕೆ ನಾವು ಹತ್ತು ಬಾರಿಯ ಶಿಕ್ಷೆ ಕೊಟ್ಟೆವು. ಬರೆಯುವಾಗ ‘ಹಾಲು’ ಎಂದೇ ಬರೆಯಬೇಕು, ಅದನ್ನು ಕಲಿಸಲೂ ಬೇಕು, ಅದರಲ್ಲಿ ಸಂದೇಹವಿಲ್ಲ. ನಗಬೇಕಾಗಿರಲಿಲ್ಲ.

ಅಂದಿನಿಂದ ಅಧ್ಯಾಪಕಿಯವರು ತಪ್ಪನ್ನು ಹೇಗೆ ತಿದ್ದುತ್ತಾರೆಂಬುದನ್ನು ಗಮನವಿಟ್ಟು ನೋಡಿದೆವು. ಯಾರಾದರೂ ತಪ್ಪಾಗಿ ಹೇಳಿದರೆ ಅವರು ನಡುವೆ ತಡೆಯುವುದಿಲ್ಲ. ವಾಕ್ಯ ಮುಗಿಯುವ ತನಕ ಕಾದು, ಅದೇ ಮಾತನ್ನು ತಮ್ಮ ಉತ್ತರದಲ್ಲಿ ಸರಿಯಾದ ರೂಪದಲ್ಲಿ ಸೇರಿಸಿ ಹೇಳಿ, ಸಂಭಾಷಣೆಯನ್ನು ಮುಂದಕ್ಕೆ ನಡೆಸುತ್ತಾರೆ. ಕೇಳುವ ಕಿವಿ ಇದ್ದವನು ತಿದ್ದಿಕೊಳ್ಳುತ್ತಾನೆ. ಇಲ್ಲದವನು ಮಾತನ್ನಾದರೂ ನಿಲ್ಲಿಸುವುದಿಲ್ಲ. ಯಾವ ಬೋಧನಶಾಸ್ತ್ರವನ್ನೂ ಓದದ ನಮ್ಮ ಮನೆಯೊಡತಿಯವರೂ ಹಾಗೆಯೇ ಮಾಡುತ್ತಿದ್ದರು. ತೊದಲುವ ಕೂಸಿನೊಡನೆ ನಮ್ಮ ತಾಯಂದಿರು ಮಾಡುವುದೂ ಇದನ್ನೇ. ಕೂಸು ಬೆಳೆದು ಶಾಲೆಗೆ ಬಂದ ಕೂಡಲೇ ನಾವು ಈ ಕ್ರಮವನ್ನು ಏಕೆ ಬಿಟ್ಟುಬಿಡುತ್ತೇವೆಯೋ ತಿಳಿಯದು.

ಮೆಲ್ಲಗೆ ಬಾಯಿ ಬಂದಿತು. ಬಂದ ಮೇಲೆ ಭಾಷೆಯ ಸೊಗಸೂ ಒಂದೊಂದಾಗಿ ತೆರೆಯಿತು. ಜರ್ಮನ್ ಬಡಗಿಯು ತಲೆಕೆಡಿಸಿಕೊಂಡ ಒಂದು ಪ್ರಯೋಗವು ನಮಗೆ ಸಲೀಸಾಯಿತು. “ನಾನು ಇದನ್ನು ಮೆಚ್ಚುತ್ತೇನೆ” ಎನ್ನುವುದಕ್ಕೆ ಅವರು “ಮೆ ಗೂಸ್ತಾ”, ಎಂದರೆ “ನನಗೆ ಇದು ರುಚಿಸುತ್ತದೆ” ಎನ್ನುತ್ತಾರೆ. ಸಂಸ್ಕೃತದಲ್ಲಿ ರುಚ್ ಧಾತುವಿಗೆ ಚತುರ್ಥಿಯನ್ನು ಕಲಿತವನಿಗೆ, “ನನಗೆ ಹಿಡಿಸಿತು” ಎಂದು ದಿನವೂ ಹೇಳುವ ಕನ್ನಡಿಗನಿಗೆ, ಇದರಲ್ಲಿ ಏನು ಕಷ್ಟ? ಗೌರವದ ‘ಉಸ್ತೇದ್’ ಎಂಬುದು “ತಮ್ಮ ಕೃಪೆ” ಎಂಬರ್ಥದ ಎರಡು ಶಬ್ದಗಳು ಸವೆದು ಆದುದು. ಅದಕ್ಕೆ ಪ್ರಥಮಪುರುಷದ ಕ್ರಿಯಾಪದವೇ ಬರಬೇಕು, ನಮ್ಮ ‘ಭವಾನ್’ ಶಬ್ದಕ್ಕೆ ಬರುವಂತೆ. ಅಂಗಡಿಗೆ ಹೋದರೆ ಮನೆಯ ನೆಂಟರೇ ಎದುರಾಗುತ್ತಿದ್ದರು. ‘ಅಥೂಕರ್’ ಎಂಬುದು ಶರ್ಕರಾ, ‘ನರಾಂಖಾ’ ನಾರಂಗ, ‘ಅಲ್ಕನ್ಫೋರ್’ ಕರ್ಪೂರ, ಮಕ್ಕಳು ಆಡುವ ‘ಅಖೆದ್ರೆಥ್’ ಎಂಬ ಆಟವು ಚತುರಂಗ. ಇವೆಲ್ಲ ಪಾರಸಿ ಅರಬ್ಬಿಗಳ ಬಾಯಿ ದಾಟಿ, 711ರಿಂದ ಸ್ಪೇನಿನಲ್ಲಿ ನೆಲೆಸಿದ ಮುಸಲ್ಮಾನರೊಡನೆ ಅಲ್ಲಿಗೆ ಹೋದುವು. ದಾರಿಯಲ್ಲಿ ಪ್ರತಿಯೊಬ್ಬರೂ ಅವನ್ನು ತಪ್ಪಾಗಿಯೇ ಉಚ್ಚರಿಸಿದರು. ಹಾಗೆ ಉಚ್ಚರಿಸಿದುದರಿಂದಲೇ ಅವು ಅಷ್ಟು ದೂರ ನಡೆದುವು.

ಆದರೆ ನಮ್ಮನ್ನು ಬಹುವಾಗಿ ಕಾಡಿದುದು ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ಧಾತುಗಳು. ಕನ್ನಡದ ‘ಇರು’ ಎಂಬ ಒಂದೇ ಧಾತುವಿನ ಕೆಲಸವನ್ನು ಅಲ್ಲಿ ಇವೆರಡೂ ಹಂಚಿಕೊಂಡಿವೆ. ಸ್ವರೂಪವನ್ನು ಹೇಳಲು ಮೊದಲನೆಯದು, ಇದರ ‘ಎಸ್’ ಎಂಬ ರೂಪ ನಮ್ಮ ‘ಅಸ್ತಿ’ಯ ಬಂಧು, ಸ್ಥಿತಿಯನ್ನು ಹೇಳಲು ಎರಡನೆಯದು, ಇದು ‘ಸ್ಥಾ’ ಧಾತುವಿನ ಬಂಧು. ಒಂದು ಸಂಜೆ ಮನೆಯೊಡತಿಯವರು, ಈ ವಯಸ್ಸಿನಲ್ಲಿ ಒಬ್ಬರೇ ಏಕೆ ಬಂದಿರೆಂದು ಕೇಳಿದರು. “ನಾನು ಒಂಟಿ” ಎನ್ನಲು ಹೋಗಿ ‘ಸೆರ್’ ಧಾತುವನ್ನು ಬಳಸಿದೆವು. ಅವರು ನಗಲಿಲ್ಲ. “ಹೌದು, ನೀವು ಈಗ ಒಂಟಿಯಾಗಿದ್ದೀರಿ” ಎಂದು ‘ಎಸ್ತಾರ್’ ಸೇರಿಸಿ ಹೇಳಿ, ಗೋಡೆಯ ಮೇಲಿನ ಪಟವನ್ನು ತೋರಿಸಿ, “ನನ್ನ ಯಜಮಾನರು ತೀರಿಕೊಂಡಿದ್ದಾರೆ” ಎಂದರು. ಅಲ್ಲಿಯೂ ‘ಎಸ್ತಾರ್’. ಶಾಶ್ವತವಾದುದಕ್ಕೆ ‘ಸೆರ್’, ತಾತ್ಕಾಲಿಕಕ್ಕೆ ‘ಎಸ್ತಾರ್’ ಎಂದು ಪುಸ್ತಕದಲ್ಲಿ ಓದಿದ್ದ ನಮಗೆ, ಸಾವು ತಾತ್ಕಾಲಿಕವೇ ಎಂದು ಸೋಜಿಗವಾಯಿತು. ಆಮೇಲೆ ತೋರಿತು: ಸಾವು ಮನುಷ್ಯನ ಸ್ವರೂಪವಲ್ಲ, ಅವನು ಸೇರಿದ ಒಂದು ಸ್ಥಿತಿ. ಒಂಟಿತನವೂ ಹಾಗೆಯೇ. ಆ ಮುದುಕಿಯವರಿಗೆ ಈ ವೇದಾಂತವೇನೂ ಬೇಕಾಗಿರಲಿಲ್ಲ; ಅವರ ವ್ಯಾಕರಣವೇ ಅದನ್ನು ಹೇಳಿಕೊಟ್ಟಿತ್ತು.

ಸಂಜೆಯ ಹೊತ್ತು ಪ್ಲಾಥಾ ಮಯೋರ್ ಎಂಬ ಮಹಾಚೌಕಕ್ಕೆ ಹೋಗುತ್ತಿದ್ದೆವು. 1729ರಲ್ಲಿ ಆರಂಭವಾಗಿ 1755ರಲ್ಲಿ ಮುಗಿದ ಈ ಚೌಕದ ನಾಲ್ಕು ಕಡೆಯೂ ಕಮಾನುಗಳ ಸಾಲು. ಕಮಾನುಗಳ ನಡುವೆ ಅರಸರ, ವೀರರ, ವಿದ್ವಾಂಸರ ಮುಖಗಳನ್ನು ಕೆತ್ತಿದ್ದಾರೆ. ಯಾರನ್ನು ಕಾಣಬೇಕಾದರೂ “ಗಡಿಯಾರದ ಕೆಳಗೆ” ಎಂದರೆ ಸಾಕು, ಊರಿಗೆಲ್ಲ ತಿಳಿಯುತ್ತದೆ. ಅಲ್ಲಿಯ ಕಲ್ಲುಬೆಂಚುಗಳ ಮೇಲೆ ನಮ್ಮ ವಯಸ್ಸಿನವರೊಡನೆ ಕುಳಿತು ಮಳೆ, ಬೆಲೆ, ಮೊಮ್ಮಕ್ಕಳು, ಮಂಡಿನೋವು ಇವುಗಳ ವಿಷಯ ಮಾತನಾಡುವುದನ್ನು ಕಲಿತೆವು. ಅಕ್ಟೋಬರ್ 31ರಂದು ದೇವಾಲಯದ ಮುಂದೆ ಜನ ನೆರೆದಿತ್ತು. 1755ರ ನವೆಂಬರ್ 1ರಂದು ಲಿಸ್ಬನ್ ನಗರವನ್ನು ಹಾಳುಮಾಡಿದ ಭೂಕಂಪವು ಸಲಮಾಂಕಾವನ್ನೂ ನಡುಗಿಸಿತು. ದೇವಾಲಯದಲ್ಲಿ ಆಶ್ರಯ ಪಡೆದ ಜನ ಉಳಿದುಕೊಂಡರು. ಅದರ ಸ್ಮರಣೆಗಾಗಿ ಒಬ್ಬನು ಆ ಸೀಮೆಯ ಸಾಂಪ್ರದಾಯಿಕ ಉಡುಪಿನಲ್ಲಿ ಗೋಪುರವನ್ನು ಹತ್ತಿ, ಕೊಳಲನ್ನೂ ಸಣ್ಣ ಮದ್ದಳೆಯನ್ನೂ ಬಾರಿಸುತ್ತಾನೆ. ಅವನಿಗೆ ಮರಿಕೇಲೊ ಎಂದು ಹೆಸರು. ಇದನ್ನೆಲ್ಲ ನಮಗೆ ಹೇಳಿದವರು ಪಕ್ಕದಲ್ಲಿ ನಿಂತಿದ್ದ ಒಬ್ಬ ಅಪರಿಚಿತ ವೃದ್ಧರು. ಒಂದು ಗಂಟೆಯ ಕಾಲ ಮಾತನಾಡಿದೆವು. ನಾವು ಎಷ್ಟು ತಪ್ಪು ಮಾಡಿದೆವೋ ಲೆಕ್ಕವಿಲ್ಲ; ಅವರು ಲೆಕ್ಕವಿಡಲೂ ಇಲ್ಲ.

ನವೆಂಬರಿನಲ್ಲಿ ಚಳಿ ಇಳಿಯಿತು. ಬೀದಿಯಲ್ಲಿ ಚೆಸ್ಟ್‌ನಟ್ ಕಾಯಿಗಳನ್ನು ಕೆಂಡದ ಮೇಲೆ ಸುಟ್ಟು ಮಾರುವವರು ಕಾಣಿಸಿಕೊಂಡರು. ನಮಗೆ ಮೂಗು ಕಟ್ಟಿ ಜ್ವರ ಬಂದಿತು. ಮನೆಯೊಡತಿಯವರು ಹಣೆ ಮುಟ್ಟಿನೋಡಿ, ನೀವು ‘ಕೊನ್ಸ್ತಿಪಾದೊ’ ಆಗಿದ್ದೀರಿ ಎಂದರು. ಇಂಗ್ಲಿಷಿನಲ್ಲಿ ಇದರ ಜ್ಞಾತಿಶಬ್ದಕ್ಕೆ ಮಲಬದ್ಧತೆ ಎಂದರ್ಥ. ನಾವು ನಾಚಿ, ಆ ವಿಷಯದಲ್ಲಿ ಯಾವ ತೊಂದರೆಯೂ ಇಲ್ಲವೆಂದು ಗಂಭೀರವಾಗಿ ಭರವಸೆ ಕೊಟ್ಟೆವು. ಅವರ ಭಾಷೆಯಲ್ಲಿ ಅದಕ್ಕೆ ನೆಗಡಿ ಎಂದರ್ಥವೆಂದು ಔಷಧದ ಅಂಗಡಿಯವರಿಂದ ತಿಳಿಯಿತು. ಈ ಸಲ ಅವರು ನಕ್ಕರು, ನಾವೂ ನಕ್ಕೆವು. ಮಾತು ಬಂದವನಿಗೆ ನಗು ನೋಯುವುದಿಲ್ಲ. ಮಾತಿಲ್ಲದವನಿಗೆ ಮಾತ್ರ ನೋಯುತ್ತದೆ. ಹೊರಡುವ ದಿನ ಅವರು ಒಂದು ಸೇರಿನಷ್ಟು ಆರ್ಮೂನ್ಯಾ ಬೇಳೆಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟು, ಮೊದಲ ಬಾರಿಗೆ ನಮ್ಮನ್ನು ಏಕವಚನದಲ್ಲಿ ಕರೆದು, “ಹೋಗಿ ಬಾ” ಎಂದರು. ಆ “ನೀನು” ಎಂಬುದರಲ್ಲಿ ಮುಳ್ಳಿರಲಿಲ್ಲ. ನಮ್ಮ ತಾಯಿ ತೀರಿಕೊಂಡ ಮೇಲೆ ನಮ್ಮನ್ನು ಹಾಗೆ ಬೀಳ್ಕೊಟ್ಟವರಿರಲಿಲ್ಲ.

ಊರಿಗೆ ಬಂದು ತಿಂಗಳಾದ ಮೇಲೆ ಆ ಹುಡುಗನನ್ನು ವಿಚಾರಿಸಿದೆವು. ತಾಲ್ಲೂಕು ಕೇಂದ್ರದ ಬಸ್ಸುನಿಲ್ದಾಣದ ಬಳಿ ಕಾಫಿಯ ಅಂಗಡಿ ಇಟ್ಟುಕೊಂಡಿರುವನೆಂದು ತಿಳಿಯಿತು. ಒಂದು ಬೆಳಿಗ್ಗೆ ಹೋದೆವು. ಕೂದಲು ಅಲ್ಲಲ್ಲಿ ನರೆತಿತ್ತು. ಕಣ್ಣು ಅದೇ ಚುರುಕಿನ ಕಣ್ಣು. ನಮ್ಮನ್ನು ನೋಡಿದೊಡನೆ ಗುರುತು ಹಿಡಿದು ಎದ್ದುನಿಂತನು. “ಹಾರೋಗ್ಯವಾಗಿದ್ದೀರಾ ಮೇಷ್ಟ್ರೇ? ಹೊಳಗೆ ಬನ್ನಿ. ಹಾಲು ಜಾಸ್ತಿ ಹಾಕಿಸಿ ಕಾಫಿ ಕೊಡ್ತೀನಿ” ಎಂದನು. ಒಂದೊಂದು ಹಕಾರವನ್ನೂ ಉಸಿರು ಹಿಡಿದು, ಬೇಕಾದಲ್ಲಿಯೂ ಬೇಡವಾದಲ್ಲಿಯೂ ಇಟ್ಟು, ನಮ್ಮ ಮುಖವನ್ನು ನೋಡಿದನು. ಮರುಕ್ಷಣ ಒಳಗಿನ ಹುಡುಗನಿಗೆ “ಆಲ್ ಆಕೋ, ಬೇಗ” ಎಂದು ಕೂಗಿದನು. ಆ ಕೂಗಿನಲ್ಲಿದ್ದ ಸಲೀಸು ನಮ್ಮೊಡನೆ ಆಡಿದ ಮಾತಿನಲ್ಲಿರಲಿಲ್ಲ.

ನಾವು ಬಂದ ಕಾರಣವನ್ನು ಹೇಳಿದೆವು. ಅಂದು ನಕ್ಕುದು ನಮ್ಮ ತಪ್ಪೆಂದೂ ಹೇಳಿದೆವು. “ಅಯ್ಯೋ, ಬಿಡಿ ಮೇಷ್ಟ್ರೇ, ನೀವು ಹೇಳಿಕೊಟ್ಟಿದ್ದು ಒಳ್ಳೇದಕ್ಕೇ ಅಲ್ವಾ” ಎಂದು ಮೇಜನ್ನು ಒರೆಸತೊಡಗಿದನು. ಅವನು ಹಾಗೆಂದುದು ನಿಜವಾಗಿಯೋ ದಾಕ್ಷಿಣ್ಯಕ್ಕೋ ನಮಗೆ ತಿಳಿಯಲಿಲ್ಲ. ಕಾಫಿ ಚೆನ್ನಾಗಿತ್ತು. ಹಣ ತೆಗೆದುಕೊಳ್ಳಲಿಲ್ಲ. ಈಗ ತಿಂಗಳಿಗೊಮ್ಮೆ ಆ ಅಂಗಡಿಗೆ ಹೋಗುತ್ತೇವೆ. ಕಳೆದ ಬಾರಿ ಹೋದಾಗ ಅವನು ಮಗಳ ಮದುವೆಯ ಮಾತು ಹೇಳುತ್ತ, ನಡುವೆ ಒಂದು ಸಲ ಮೈಮರೆತು “ಉಡ್ಗ ಒಳ್ಳೇವ್ನು ಮೇಷ್ಟ್ರೇ” ಎಂದನು. ನಾವು ಕೇಳುತ್ತ ಕುಳಿತಿದ್ದೆವು.